‘ಹೆರು’, ‘ಈಯು’: ಟಾಲ್ಮಡ್‌ನ ಡಾಲ್ಫಿನ್‌ಗೆ ಯಾವ ಕ್ರಿಯಾಪದ?

ಗೆಳೆಯರೇ, ಹೀಬ್ರೂವಿನ ಕೆಲವು ಸಾಲುಗಳನ್ನು ಕನ್ನಡಕ್ಕೆ ತರುವಾಗ ಸಿಕ್ಕಿಬಿದ್ದಿದ್ದೇನೆ, ಒಂದು ಪದಕ್ಕಾಗಿ ನಿಮ್ಮ ನೆರವು ಬೇಕು.

ಯೆಹೂದಿ ಧರ್ಮಶಾಸ್ತ್ರದ ಚರ್ಚೆಗಳ ದೊಡ್ಡ ಗ್ರಂಥವಾದ ಬಾಬಿಲೋನಿಯದ ಟಾಲ್ಮಡ್‌ನಲ್ಲಿ ‘ಬೆಖೋರೋತ್’, ಅಂದರೆ ಚೊಚ್ಚಲುಗಳು, ಎಂಬ ಭಾಗವಿದೆ. ಕೋಳಿಮೊಟ್ಟೆಗೆ 21 ದಿನ, ನಾಯಿಯ ಗಬ್ಬಕ್ಕೆ 50 ದಿನ ಎಂದು ರಬ್ಬಿಗಳು, ಅಂದರೆ ಯೆಹೂದಿ ಪಂಡಿತರು, ಎಣಿಸುವ ಪುಟದಲ್ಲೇ ಒಂದು ಪುಟ್ಟ ವಾಕ್ಯ ಬರುತ್ತದೆ: ಡಾಲ್ಫಿನ್‌ಗಳು ‘ಕಿವ್ನೆ ಆದಾಂ’, ಮನುಷ್ಯರಂತೆ, ಫಲಿಸಿ ಹೆಚ್ಚುತ್ತವೆ. ಬೈಬಲ್‌ನ ಆದಿಕಾಂಡದಲ್ಲಿ ದೇವರು ಮೀನುಗಳಿಗೂ ಮನುಷ್ಯರಿಗೂ ಆಡುವ ಹರಕೆಯ ಜೋಡಿಮಾತು ಇದೇ. ಮನುಷ್ಯರಿಗೂ ಪ್ರಾಣಿಗಳಿಗೂ ನಡುವೆ ಹೀಬ್ರೂ ಅಲ್ಲಿ ಗೆರೆ ಎಳೆಯುವುದಿಲ್ಲ.

ಕನ್ನಡ ಎಳೆಯುತ್ತದೆ. ಚಿಕ್ಕಂದಿನಲ್ಲಿ ನಾನು ‘ಹಸು ಹೆತ್ತಿತು’ ಎಂದಾಗ ಅಜ್ಜಿ ಕೊಟ್ಟಿಗೆಯಿಂದಲೇ ತಿದ್ದಿದ್ದರು: ‘ಹೆಂಗಸು ಹೆರುತ್ತಾಳೆ, ಹಸು ಈಯುತ್ತದೆ.’ ಹೆಂಗಸು ಬಸುರಿ, ಹಸು ಗಬ್ಬ. ಹೀಗಿರುವಾಗ ‘ಮನುಷ್ಯರಂತೆ ಈಯುತ್ತವೆ’ ಎಂದರೆ ಹೋಲಿಕೆ ಅಲ್ಲೇ ಮುರಿದುಬೀಳುತ್ತದೆ. ‘ಮನುಷ್ಯರಂತೆ ಹೆರುತ್ತವೆ’ ಎಂದರೆ ಡಾಲ್ಫಿನ್ ಅರ್ಧ ಮನುಷ್ಯನೇ ಆಗಿಬಿಡುತ್ತದೆ. ‘ಸಂತಾನ ಬೆಳೆಸುತ್ತವೆ’ ತಪ್ಪಲ್ಲ, ಆದರೆ ಪಠ್ಯಪುಸ್ತಕದ ಸಪ್ಪೆ ವಾಸನೆ.

ಕುತೂಹಲದ ಸಂಗತಿಯೆಂದರೆ, 11ನೆಯ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ಇಲ್ಲಿ ‘ಮಿಬ್ನೆ ಆದಾಂ’ ಎಂದು ಓದುತ್ತಾರೆ. ಮೊದಲಿನ ಹೀಬ್ರೂ ಅಕ್ಷರ ಕಾಫ್ ಹೋಗಿ ಮೇಮ್ ಬಂತು, ‘ಮನುಷ್ಯರಂತೆ’ ಹೋಗಿ ‘ಮನುಷ್ಯರಿಂದ’ ಆಯಿತು. ಮನುಷ್ಯ ಕೂಡಿದರೆ ಅವು ಬಸಿರಾಗುತ್ತವೆ ಎಂಬುದು ಅವರ ವಿವರಣೆ. ಅರ್ಧ ಮನುಷ್ಯರೂಪ, ಅರ್ಧ ಮೀನಿನ ರೂಪ ಎಂದೂ ಸೇರಿಸುತ್ತಾರೆ. ಈ ಪಾಠಾಂತರಕ್ಕಾದರೆ ‘ಹೆರು’ ಒಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ. ‘ಮನುಷ್ಯರಂತೆ’ ಎಂಬ ಮೊದಲ ಪಾಠಕ್ಕೆ ಹಾಗೆ ಬರೆಯಲು ಧೈರ್ಯ ಸಾಲದು.

ಇನ್ನೂ ಬಿಗಿಯಾದ ತೊಡಕು ಟಾಲ್ಮಡ್‌ಗೆ ಮೂಲವಾದ ಮಿಶ್ನಾದ ‘ನಿದ್ದಾ’ (ಮುಟ್ಟಿನ ಮೈಲಿಗೆ) ಭಾಗದಲ್ಲಿದೆ. ಹೆಂಗಸಿಗೆ ಗರ್ಭಪಾತವಾಗಿ ಪಶುವಿನ ಆಕಾರದ ಪಿಂಡ ಬಂದರೆ ಹೆರಿಗೆಯ ಮೈಲಿಗೆ ಉಂಟೇ? ಉಂಟು ಎನ್ನುತ್ತಾರೆ ರಬ್ಬಿ ಮೇಯಿರ್. ಮನುಷ್ಯರೂಪದ ಯಾವ ಅಂಶವೂ ಇಲ್ಲದ್ದು ‘ವಲಾದ್’ ಅಲ್ಲ ಎನ್ನುತ್ತಾರೆ ಉಳಿದ ಪಂಡಿತರು. ವಲಾದ್ ಎಂಬುದು ಹುಟ್ಟಿದ ಸಂತಾನಕ್ಕೆ ಹೆಸರು, ಮನುಷ್ಯರ ಕೂಸಿಗೂ ಪ್ರಾಣಿಯ ಮರಿಗೂ ಸಲ್ಲುವ ಪದ. ನಾನು ‘ಕೂಸಲ್ಲ’ ಎಂದು ಬರೆದರೆ ವಾದ ಮುಗಿಯುವ ಮೊದಲೇ ತೀರ್ಪು ಕೊಟ್ಟಂತೆ, ‘ಮರಿಯಲ್ಲ’ ಎಂದರೆ ತಾಯಿಗೆ ಅವಮಾನ.

ಕೂಸಿಗೂ ಕರುವಿಗೂ ಸಮನಾಗಿ ಸಲ್ಲುವ ಪದ ನಿಮ್ಮ ಕಡೆಯ ಮಾತಿನಲ್ಲಿದೆಯೇ? ಕರಾವಳಿಯ ಮೀನುಗಾರರು ಡಾಲ್ಫಿನ್ ಮರಿ ಹಾಕುವುದನ್ನು ಯಾವ ಕ್ರಿಯಾಪದದಿಂದ ಹೇಳುತ್ತಾರೆ? ಕೇಳಿ ಬಲ್ಲವರು ದಯವಿಟ್ಟು ತಿಳಿಸಿ.