ಮೀನಿಲ್ಲದ ತೊಟ್ಟಿಯ ಸುತ್ತ ನಾಲ್ವರು

ಮಗಳ ಹುಟ್ಟುಹಬ್ಬಕ್ಕೆಂದು ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯೊಂದನ್ನು ತಂದು ನಡುಮನೆಯಲ್ಲಿ ಇಟ್ಟದ್ದಷ್ಟೇ ನನ್ನ ತಪ್ಪು. ಸಂಜೆಯ ಹೊತ್ತಿಗೆ ಕೋಲಾರದ ಮೇಧಾವಿಗಳೆಲ್ಲ ನಮ್ಮ ಮನೆಯಲ್ಲಿದ್ದರು. ಎಲ್ಲ ಎಂದರೆ ಮೂವರು: ನಿವೃತ್ತ ರಸಾಯನಶಾಸ್ತ್ರದ ಮೇಷ್ಟರು, ಟೊಮೆಟೊ ಮಂಡಿಯ ಗೆಳೆಯ, ವಕೀಲರು.

“ಎಷ್ಟು ನೀರು ಹಿಡಿಯುತ್ತದೆ?” ಎಂದು ಮಂಡಿಯವನು ಕೇಳಿದ. ಸುಮಾರು 54 ಲೀಟರ್ ಎಂದೆ. “ಅಂದರೆ 54 ಕಿಲೋ. 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ ಮೂರೂವರೆ ಬಾಕ್ಸ್ ಟೊಮೆಟೊ. ಇಷ್ಟು ಜಾಗದಲ್ಲಿ ಏನಿಲ್ಲವೆಂದರೂ ಐವತ್ತು ಗೋಲ್ಡ್ ಫಿಶ್ ಹಿಡಿಸಬಹುದು.”

“ಟೊಮೆಟೊ ಅಮೋನಿಯಾ ಬಿಡುವುದಿಲ್ಲವಯ್ಯ” ಎಂದರು ಮೇಷ್ಟರು. “ತನಗೇ ವಿಷವಾದ ಅದನ್ನು ಮೀನು ಸುಮ್ಮನೆ ಉಸಿರಾಡಿದರೂ ಕಿವಿರಿನಿಂದ ಬಿಡುತ್ತದೆ. ಗೋಲ್ಡ್ ಫಿಶ್ ಆ ವಿಷಯದಲ್ಲಿ ಧಾರಾಳಿ. ಅದರ ಮೇಲೆ ಗೇಣುದ್ದ ಬೆಳೆಯುತ್ತದೆ. ಈ ತೊಟ್ಟಿಯಲ್ಲಿ ಒಂದನ್ನು ಸಾಕುವುದೂ ಕಷ್ಟ.”

ವಕೀಲರು ಗಂಟಲು ಸರಿಮಾಡಿಕೊಂಡರು. ಅವರ ಪಟ್ಟಿ ಸಿದ್ಧವಾಗಿತ್ತು: ಎರಡು ಏಂಜೆಲ್, ಹತ್ತು ನಿಯಾನ್ ಟೆಟ್ರಾ, ಕಾವಲಿಗೆ ಒಂದು ಫೈಟರ್. “ಏಂಜೆಲ್ ಅಮೆಜಾನಿನದು, ನಿಯಾನ್ ಕೂಡ ಅಮೆಜಾನಿನದು. ಒಂದೇ ಊರಿನವರು, ಜಗಳದ ಪ್ರಶ್ನೆಯೇ ಇಲ್ಲ.”

“ಹುಲಿಯದೂ ಜಿಂಕೆಯದೂ ಒಂದೇ ಊರು” ಎಂದರು ಮೇಷ್ಟರು. ಬೆಳೆದ ಏಂಜೆಲ್ ತನ್ನ ಬಾಯಿಗೆ ಹಿಡಿಸುವ ನಿಯಾನನ್ನು ರಾತ್ರಿ ಕಳೆಯುವುದರೊಳಗೆ ನುಂಗಿ, ಬೆಳಿಗ್ಗೆ ಏನೂ ಅರಿಯದ ಮುಖದಲ್ಲಿ ಈಜುತ್ತದಂತೆ. “ಸಾಕ್ಷಿಯೇ ಇಲ್ಲ” ಎಂದು ವಕೀಲರಿಗೆ ಏಂಜೆಲ್ ಮೇಲೆ ಗೌರವ ಇನ್ನಷ್ಟು ಹೆಚ್ಚಿತು. ಫೈಟರಿನ ಗಂಡು ಇನ್ನೊಂದು ಗಂಡನ್ನು ಕಂಡರೆ ಸುಮ್ಮನಿರುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಬಣ್ಣದ ಉದ್ದ ಬಾಲದ ಗಪ್ಪಿಯನ್ನೂ ತನ್ನ ದಾಯಾದಿಯೆಂದೇ ಬಗೆದು ಹರಿದು ಹಾಕಬಹುದು ಎಂಬುದು ಅಂದು ತಿಳಿಯಿತು. ಟೈಗರ್ ಬಾರ್ಬ್ ಎಂಬ ಮೀನಿಗೆ ದ್ವೇಷವೇನೂ ಇಲ್ಲ, ಚಟ ಅಷ್ಟೇ: ಇಳಿಬಿದ್ದ ರೆಕ್ಕೆ ಕಂಡರೆ ಕಚ್ಚಿ ನೋಡುತ್ತದೆ. ಗುಂಪು ಚಿಕ್ಕದಾದಷ್ಟೂ ಚಟ ಜಾಸ್ತಿ.

“ಹೋಗಲಿ, ತೊಟ್ಟಿ ತೊಳೆಯುವ ಸಕ್ಕರ್ ಒಂದಿರಲಿ” ಎಂದ ಮಂಡಿಯವನು. ಅಂಗಡಿಯಲ್ಲಿ ಬೆರಳುದ್ದ ಇರುವ ಆ ಮೀನು ಅಡಿಗಿಂತ ಹೆಚ್ಚು ಬೆಳೆಯುತ್ತದೆ. ತೊಳೆಯುವುದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ. ಒಂದಡಿ ಅಗಲದ ತೊಟ್ಟಿಯಲ್ಲಿ ಅದು ತಿರುಗಬೇಕಾದರೆ ರಿವರ್ಸ್ ಗೇರ್ ಬೇಕು.

ಅಷ್ಟು ಹೊತ್ತಿಗೆ ಮೇಷ್ಟರು ನಮ್ಮ ಬಚ್ಚಲು ಮನೆಗೆ ಹೋಗಿ ಹಂಡೆಯೊಳಗೆ ಕೈ ಆಡಿಸಿ, ಉಗುರಿನಲ್ಲಿ ಬಿಳಿಯ ಹಕ್ಕಳೆಯನ್ನು ಕೆರೆದು ತಂದು ತೋರಿಸಿದರು. “ನೋಡಿ, ಇದು ನಿಮ್ಮ ಕೊಳವೆಬಾವಿಯ ಜಾತಕ. ಸುಣ್ಣ! ನಿಯಾನಿಗೆ ಬೇಕಾದದ್ದು ಮಳೆಯ ನೀರಿನಂಥ ಮೆದು ನೀರು, ತುಸು ಹುಳಿ. ಇಲ್ಲಿ ಅದಕ್ಕೆ ಬದುಕೇ ಶಿಕ್ಷೆ. ಗಪ್ಪಿ, ಪ್ಲಾಟಿಗಳಿಗೆ ಗಡಸು ನೀರೇ ಹಬ್ಬ.”

“ಅಂತರಗಂಗೆ ಬೆಟ್ಟದಿಂದ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ತರಿಸೋಣ” ಎಂದರು ವಕೀಲರು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕೆಂದು ಮೇಷ್ಟರು ಹೇಳಿದ ಮೇಲೆ, ವಾರವಾರ ಬಿಂದಿಗೆ ಹೊತ್ತು ಬೆಟ್ಟದ ಮೆಟ್ಟಿಲು ಇಳಿಯುವವರು ಯಾರು ಎಂಬಲ್ಲಿ ಆ ಪ್ರಸ್ತಾಪ ವಜಾ ಆಯಿತು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. 2018ರಿಂದ ಕೆರೆಗಳಿಗೇ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ. ಇಂಥ ಊರಿನಲ್ಲಿ ಅಮೆಜಾನಿನ ಮೀನಿಗೆ ಅಮೆಜಾನಿನ ನೀರು ಒದಗಿಸುವ ಹಟ ನನಗೇಕೋ ಅತಿಯೆನಿಸಿತು. ಮೀನನ್ನು ಆರಿಸುವವರು ನಾವಲ್ಲ, ನಮ್ಮ ಬೋರ್‌ವೆಲ್.

ಕೊನೆಗೆ ಆರು ಗಪ್ಪಿ, ನಾಲ್ಕು ಪ್ಲಾಟಿ ಎಂದಾಯಿತು, ಎಲ್ಲವೂ ಗಂಡು. “ಒಂದಾದರೂ ಹೆಣ್ಣು ಬೇಡವೆ?” ಎಂದು ಮಗಳು ಕೇಳಿದಳು. ಹೆಣ್ಣು ಗಪ್ಪಿ ಸುಮಾರು ತಿಂಗಳಿಗೊಮ್ಮೆ ಈಜುವ ಮರಿಗಳನ್ನೇ ಹಾಕುತ್ತದೆ, ಒಂದು ಸಲಕ್ಕೆ ಡಜನುಗಟ್ಟಲೆ. ಅಂಗಡಿಯಿಂದ ಒಂದನ್ನೇ ತಂದರೂ, ಅಲ್ಲಿ ಕೂಡಿದ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಹೆರುತ್ತದೆ. ಇದನ್ನು ಹತ್ತು ವರ್ಷದ ಮಗಳಿಗೆ ಹೇಗೆ ಹೇಳುವುದೆಂದು ಮೇಷ್ಟರು ನನ್ನ ಮುಖ ನೋಡಿದರು, ನಾನು ಫ್ಯಾನ್ ನೋಡಿದೆ. “ಇಳುವರಿ ಜಾಸ್ತಿ, ರೇಟು ಬೀಳುತ್ತದೆ” ಎಂದು ಮಂಡಿಯವನು ಕಾಪಾಡಿದ.

ಆದರೆ ಮೀನು ಅಂದೇ ಬರಲಿಲ್ಲ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕಂತೆ. ಅವುಗಳ ಹೊಟ್ಟೆಗೆಂದು ದಿನಾ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿಗೆ ಹಾಕಿ ಕೊಳೆಯಲು ಬಿಡಬೇಕಂತೆ. ನನ್ನ ಹೆಂಡತಿ ಇದನ್ನು ಮೂರು ದಿನ ನೋಡಿದಳು. “ಪಿಂಡ ಇಟ್ಟರೆ ಕಾಗೆಯಾದರೂ ಬರುತ್ತದೆ” ಎಂದಳು.

ಈಗ ನಾಲ್ಕನೆಯ ವಾರ. ಮೂವರೂ ದಿನಾ ಸಂಜೆ ಬಂದು, ಕಾಫಿ ಕುಡಿದು, ಖಾಲಿ ನೀರನ್ನು ನೋಡಿ ಹೋಗುತ್ತಾರೆ. ನಿನ್ನೆ ಮಂಡಿಯವನು ಗಾಜಿಗೆ ಮೂಗು ಒತ್ತಿ ಕೂಗಿದ. ಅಂಗಡಿಯಿಂದ ತಂದು ನೆಟ್ಟ ಗಿಡದ ಎಲೆಯ ಹಿಂದಿನಿಂದ ಸಾಸಿವೆ ಕಾಳಿನಷ್ಟು ಶಂಖದ ಹುಳುವೊಂದು ನಿಧಾನವಾಗಿ ಹೊರಟಿತ್ತು. ಅದರ ಹಿಂದೆ ಇನ್ನೊಂದು. ಯಾರೂ ಆರಿಸಿರಲಿಲ್ಲ, ಯಾವ ಪಟ್ಟಿಯಲ್ಲೂ ಇರಲಿಲ್ಲ. ಚಿಪ್ಪು ಕಟ್ಟಲು ಅದಕ್ಕೆ ಬೇಕಾದದ್ದೇ ಸುಣ್ಣ ಎಂದು ಮೇಷ್ಟರು ಮೆಲ್ಲಗೆ ಹೇಳಿದರು.

“ಒತ್ತುವರಿ” ಎಂದರು ವಕೀಲರು, ಕಾಫಿ ಲೋಟ ಕೆಳಗಿಟ್ಟು.