14 ವರ್ಷದ ಫುಟ್‌ಬಾಲ್ ಸ್ಟ್ರೈಕರ್, ಹುಬ್ಬಳ್ಳಿ: ಕ್ಲಬ್‌ಗೆ, ಮುಂದ ಭಾರತ ತಂಡಕ್ಕ ದಾರಿ ಯಾವುದು?

ಕೇಳಿದವರು (ಹುಬ್ಬಳ್ಳಿ, ಕೇಶ್ವಾಪುರ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಅಣ್ಣನ ಮಗನ ಸಲುವಾಗಿ ಕೇಳಾಕತ್ತೀನಿ. ಒಂಬತ್ತನೇ ಕ್ಲಾಸು, ಬರೋ ಮಾರ್ಚ್‌ಗೆ 15 ತುಂಬತಾವು. ಸಾಲಿ ಟೀಮಿನಾಗ ಸ್ಟ್ರೈಕರ್. ಬಲಗಾಲು, ಎತ್ತರ 162 ಸೆಂ.ಮೀ., ಓಟ ಭಾಳ ಜೋರ. ತಾಲೂಕು ಮಟ್ಟದಾಗ ಗೋಲಿನ ಮ್ಯಾಲೆ ಗೋಲ್ ಹೊಡದಾ, ಜಿಲ್ಲಾ ಮಟ್ಟದಾಗ ಒಂದೂ ಆಗಲಿಲ್ಲ. ಬೆಂಗಳೂರಿನ ಒಂದು ವಸತಿ ಅಕಾಡೆಮಿಯವ್ರು ವರ್ಷಕ್ಕ ಎರಡೂವರೆ ಲಕ್ಷ ಕೇಳ್ಯಾರ, "ಎರಡು ವರ್ಷದಾಗ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಟ್ರಯಲ್ ಮಾಡಸ್ತೀವಿ" ಅಂದಾರ. ಅಣ್ಣ ಹೊಲದ ಮ್ಯಾಲೆ ಸಾಲ ಮಾಡಾಕ ತಯಾರ್ ಅದಾನ. ಕ್ಲಬ್, ರಾಷ್ಟ್ರೀಯ ತಂಡ ಇವೆಲ್ಲಾ ನಮ್ಮ ಕಡೆ ಹುಡುಗರಿಗೆ ಆಗೋ ಮಾತೇನ್ರಿ? ತಿಳಿದವ್ರು ಹೇಳ್ರಿ.

ಧಾರವಾಡ, ಯುವ ತಂಡಗಳ ಕೋಚ್

ಸಾಲ ಮಾಡಬ್ಯಾಡ್ರಿ, ಮೊದಲು ಅದನ್ನ ನಿಲ್ಲಸ್ರಿ. ಅಕಾಡೆಮಿಯವ್ರಿಗೆ ಮೂರು ಪ್ರಶ್ನೆ ಕೇಳ್ರಿ. ಒಂದು, ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ (ಎಐಎಫ್‌ಎಫ್) ಮಾನ್ಯತೆ ಐತೋ ಇಲ್ಲೋ, ಇದ್ರ ಎಷ್ಟು ಸ್ಟಾರು? ಎರಡು, ನಿಮ್ಮ 15 ಮತ್ತು 17 ವರ್ಷದೊಳಗಿನ ತಂಡಗಳು ಕಳೆದ ವರ್ಷ ಯಾವ ಯೂತ್ ಲೀಗಿನಾಗ ಎಷ್ಟು ಮ್ಯಾಚ್ ಆಡ್ಯಾವು? ಮೂರು, ನಮ್ಮ ಹುಡುಗನ ವಯಸ್ಸಿನ ಸ್ಟ್ರೈಕರ್ ಎಷ್ಟು ಮಂದಿ ಅದಾರ? ಮೂರನೇದ್ದಕ್ಕ ಉತ್ತರ ತಡವರಿಸಿದ್ರ ಅಲ್ಲಿಗೇ ಮುಗೀತು. ಒಂದು ಬ್ಯಾಚಿನಾಗ ಆರು ಸ್ಟ್ರೈಕರ್ ಇಟ್ಕೊಂಡು ಎಲ್ಲಾರ ಕಡೆನೂ ಫೀ ತಗೊಂಡ್ರ, ನಾಲ್ಕು ಮಂದಿ ಬೆಂಚಿನ ಮ್ಯಾಲೆ ಕುಂದರ್ತಾರ. 14ರಿಂದ 17ರ ನಡುವ ಹುಡುಗನಿಗೆ ಬೇಕಾದ್ದು ನೋಂದಾಯಿತ ಪಂದ್ಯದ ನಿಮಿಷಗಳು. ಟ್ರಯಲ್ ಅನ್ನೋದು ಯಾರಾದ್ರೂ ಕೊಡಸೋ ವಸ್ತು ಅಲ್ಲ. ಕ್ಲಬ್‌ಗಳು ಎಲ್ಲಾರಿಗೂ ತೆರೆದ ಟ್ರಯಲ್ ಕರೀತಾವು, ಇಲ್ಲಂದ್ರ ಲೀಗಿನಾಗ ನೋಡಿ ತಾವ ಕರೀತಾವು.

ಇನ್ನ ಆಟದ ಮಾತು. ತಾಲೂಕಿನಾಗ ಗೋಲು, ಜಿಲ್ಲಾದಾಗ ಸೊನ್ನೆ ಅಂದ್ರಲ್ಲ, ಕಾರಣ ಇಷ್ಟ: ತಾಲೂಕು ಮಟ್ಟದಾಗ ಡಿಫೆಂಡರ್‌ಗಳು ಮುಂದ ಬಂದು ನಿಲ್ತಾರ, ಹಿಂದ ಬಯಲು ಖಾಲಿ, ಚೆಂಡು ಮುಂದ ಹಾಕಿದ್ರ ಓಡೋ ಹುಡುಗ ಗೆದ್ದ. ಜಿಲ್ಲಾ ಮಟ್ಟದ ಛಲೋ ಟೀಮು ಹಿಂದ ಸರಿದು ನಿಲ್ತದ. ಓಡಾಕ ಜಾಗ ಇಲ್ಲ. ಆವಾಗ ಬಾಕ್ಸಿನೊಳಗ (ಗೋಲ್ ಮುಂದಿನ ಪೆನಾಲ್ಟಿ ಚೌಕ) ಎರಡು ಹೆಜ್ಜೆ ಜಾಗ ಮಾಡ್ಕೊಳ್ಳಾಕ ಬರಬೇಕು, ಅದನ್ನ ಯಾರೂ ಕಲಿಸಿಲ್ಲ. ಇದು ಕಲಿಯೋ ವಿದ್ಯೆ, ಹುಟ್ಟಿನಿಂದ ಬರೋದಲ್ಲ. ಹೆಂಗ ಮಾಡಸಬೇಕು ಅನ್ನೋದನ್ನ ಕೆಳಗ ಬೇರೆ ಬರೀತೀನಿ.

ಹಾವೇರಿ, ದೈಹಿಕ ಶಿಕ್ಷಣ ಶಿಕ್ಷಕರು

ಕೋಚ್ ಸರ್ ಹೇಳಿದ್ದಕ್ಕೆ ಕಾಗದ-ಪತ್ರದ ಭಾಗ ಸೇರಿಸುತ್ತೇನೆ. ನಮ್ಮ ಭಾಗದ ಮಕ್ಕಳು ಹಿಂದುಳಿಯುವುದು ಕಾಲಿನಿಂದಲ್ಲ, ಕಾಗದದಿಂದ.

ಶಾಲಾ ಕ್ರೀಡಾಕೂಟದ ದಾರಿ ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ, ನಂತರ ರಾಷ್ಟ್ರೀಯ ಶಾಲಾ ಕೂಟ. ಇದರ ಜೊತೆಗೆ 1960ರಿಂದ ನಡೆದು ಬಂದಿರುವ ಸುಬ್ರೊತೊ ಕಪ್ ಎಂಬ ಅಂತರಶಾಲಾ ಫುಟ್‌ಬಾಲ್ ಪಂದ್ಯಾವಳಿ ಇದೆ. ಅದರಲ್ಲಿ ಶಾಲಾ ತಂಡವೇ ಮೇಲೆ ಹೋಗುವುದು, ಆಯ್ದ ಆಟಗಾರರ ಜಿಲ್ಲಾ ತಂಡವಲ್ಲ. 17 ವರ್ಷದೊಳಗಿನ ವಿಭಾಗದಲ್ಲಿ ನಿಮ್ಮ ಹುಡುಗನಿಗೆ ಇನ್ನೂ ಅವಕಾಶವಿದೆ. ಶಾಲೆ ಹೆಸರು ನೋಂದಾಯಿಸಿದೆಯೇ ಎಂದು ಶಾಲೆ ಶುರುವಾದ ತಿಂಗಳಲ್ಲೇ ದೈಹಿಕ ಶಿಕ್ಷಕರನ್ನು ಕೇಳಿ. ಎಷ್ಟೋ ಒಳ್ಳೆಯ ತಂಡಗಳು ಅರ್ಜಿಯ ದಿನ ತಪ್ಪಿಸಿಕೊಂಡೇ ಹೊರಗುಳಿಯುತ್ತವೆ.

ಆದರೆ ಶಾಲಾ ಕೂಟವೊಂದೇ ಸಾಲದು. ಎಐಎಫ್‌ಎಫ್‌ನ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲಿ (ಸಿಆರ್‌ಎಸ್) ಹುಡುಗನ ಹೆಸರು ಯಾವುದಾದರೂ ಕ್ಲಬ್ ಅಥವಾ ಅಕಾಡೆಮಿ ಮೂಲಕ ಏರಬೇಕು. ಅದಿಲ್ಲದೆ ಕ್ಲಬ್ ಮಟ್ಟದ ಯೂತ್ ಲೀಗ್ ಇಲ್ಲ. ಇದಕ್ಕೆ ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರು, ಅಡ್ಡಹೆಸರು, ಹುಟ್ಟಿದ ದಿನ ಒಂದೇ ಇರಬೇಕು. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ತಂದೆ ಹೆಸರು ಮಧ್ಯ, ಮತ್ತೊಂದರಲ್ಲಿ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದ ಹುಟ್ಟುದಿನ, ಇವೇ ತೊಡಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುವುದು ಬಹಳ ಕಷ್ಟ. ಹಾಗಾಗಿ ಹತ್ತನೇ ತರಗತಿಯ ನೋಂದಣಿಗೆ ಮೊದಲೇ ಸರಿಪಡಿಸಿ.

ವಯಸ್ಸಿನ ಪರೀಕ್ಷೆಯೂ ಇದೆ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆ ನೋಡುತ್ತಾರೆ. ಏಷ್ಯಾ ಮಟ್ಟದ 17 ವರ್ಷದೊಳಗಿನ ಪಂದ್ಯಾವಳಿಗಳಿಗೆ ಎಂಆರ್‌ಐ ಬಳಸುತ್ತಾರೆ. ವಯಸ್ಸು ಕಡಿಮೆ ತೋರಿಸಿ ಆಡಿಸುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಸಿಕ್ಕಿಬಿದ್ದ ಮಗುವಿನ ದಾರಿ ಅಲ್ಲಿಗೇ ಮುಚ್ಚುತ್ತದೆ, ಶಿಕ್ಷೆ ಅನುಭವಿಸುವುದು ಸಲಹೆ ಕೊಟ್ಟವರಲ್ಲ. ದಾಖಲೆ ಸರಿಯಿದ್ದೂ ಮೂಳೆ ಬೇಗ ಬಲಿತ ಮಕ್ಕಳು ಕೆಲವೊಮ್ಮೆ ಹೊರಗುಳಿಯುತ್ತಾರೆ. ಅಂಥವರು ಎದೆಗುಂದದೆ ಒಂದು ಹಂತ ಮೇಲಿನ ವಯೋಮಿತಿಗೆ ಆಡಬೇಕು.

ಬೆಂಗಳೂರು (ಮೂಲ ಗದಗ), ಕ್ಲಬ್ ಆಡಳಿತದ ಕೆಲಸ

ಮೇಲಿನ ಮಟ್ಟದ ಚಿತ್ರ ಹೇಳುತ್ತೇನ್ರೀ, ಇದ್ದದ್ದು ಇದ್ದಂಗ.

ಐಎಸ್‌ಎಲ್‌ನಲ್ಲಿ 2021-22ರಿಂದ ಒಂದು ತಂಡ ಒಮ್ಮೆಗೆ ನಾಲ್ಕು ವಿದೇಶಿಯರನ್ನು ಅಂಗಳಕ್ಕೆ ಇಳಿಸಬಹುದು. ಆ ನಾಲ್ಕರಲ್ಲಿ ಒಬ್ಬ ಬಹುತೇಕ ಸ್ಟ್ರೈಕರೇ. ಹಾಗಾಗಿ ನಮ್ಮ ಹುಡುಗರಲ್ಲಿ ಗೋಲು ಹೊಡೆಯಬಲ್ಲವರು ವಿಂಗ್‌ಗೆ (ಅಂಗಳದ ಬದಿಗೆ) ಸರಿಯುತ್ತಾರೆ, ಇಲ್ಲವೇ ಕೊನೆಯ ಹದಿನೈದು ನಿಮಿಷಕ್ಕೆ ಇಳಿಯುತ್ತಾರೆ. ಸುನಿಲ್ ಛೆಟ್ರಿ 2005ರಲ್ಲಿ ಭಾರತಕ್ಕೆ ಮೊದಲ ಗೋಲು ಹೊಡೆದವರು. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ, ಮತ್ತೆ ತಂಡಕ್ಕೆ ಬರಬೇಕಾಯಿತು. ಅವರ ಜಾಗ ತುಂಬುವವರು ಸಿಕ್ಕಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರದ ಎದುರು 1-2ರಿಂದ ಸೋತು ಭಾರತ 2027ರ ಏಷ್ಯನ್ ಕಪ್ ಅವಕಾಶ ಕಳೆದುಕೊಂಡಿತು. ಅಂದರೆ ರಾಷ್ಟ್ರೀಯ ತಂಡಕ್ಕೆ ಸ್ಟ್ರೈಕರ್ ಬೇಕೇ ಬೇಕು, ಆದರೆ ಕ್ಲಬ್‌ಗಳಲ್ಲಿ ಆ ಜಾಗದಲ್ಲಿ ಆಡಿ ಬೆಳೆಯಲು ಅವಕಾಶ ಕಡಿಮೆ. 162 ಸೆಂ.ಮೀ. ಎತ್ತರದ ವೇಗದ ಬಲಗಾಲಿನ ಹುಡುಗ ಈಗಿನಿಂದಲೇ ಎಡ ವಿಂಗ್‌ನಲ್ಲೂ ಆಡಲು ಕಲಿಯಬೇಕು, ಒಳಗೆ ಕತ್ತರಿಸಿ ಬಲಗಾಲಿನಿಂದ ಹೊಡೆಯಲು. ಎರಡು ಸ್ಥಾನ ಆಡಬಲ್ಲವನನ್ನು ಕೋಚ್ ಪಂದ್ಯದ ದಿನದ ಪಟ್ಟಿಯಿಂದ ಕೈಬಿಡುವುದು ಕಷ್ಟ.

ಮೆಟ್ಟಿಲುಗಳು ಹೀಗಿವೆ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ (ಕೆಎಸ್‌ಎಫ್‌ಎ) ಬೆಂಗಳೂರು ಲೀಗ್‌ಗಳು ಸಿ, ಬಿ, ಎ, ಸೂಪರ್ ಡಿವಿಷನ್ ಎಂದು ಮೇಲೇರುತ್ತವೆ. ಸೂಪರ್ ಡಿವಿಷನ್‌ನಲ್ಲಿ ಚೆನ್ನಾಗಿ ಆಡಿದವರಿಂದಲೇ ಬಹುಪಾಲು ಸಂತೋಷ್ ಟ್ರೋಫಿಯ (ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿ) ತಂಡ ಕಟ್ಟುತ್ತಾರೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ನಂತರ ಆ ಟ್ರೋಫಿ ಗೆದ್ದಿತು. ಐ-ಲೀಗ್ 2 (ಐಎಸ್‌ಎಲ್‌ಗಿಂತ ಎರಡು ಹಂತ ಕೆಳಗಿನ ರಾಷ್ಟ್ರೀಯ ಲೀಗ್) ಗೆದ್ದು ಮೇಲೇರಿದ ಎಸ್‌ಸಿ ಬೆಂಗಳೂರಿನಂಥ ತಂಡಗಳೂ ಇದೇ ಲೀಗ್‌ನಿಂದ ಬಂದವು. ಐಎಸ್‌ಎಲ್ ಕ್ಲಬ್‌ಗಳ ಕಿರಿಯ ತಂಡಗಳು ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್‌ನಲ್ಲಿ ಆಡುತ್ತವೆ. ಹುಬ್ಬಳ್ಳಿಯವರು ಬೆಂಗಳೂರನ್ನೇ ನೋಡುತ್ತಾರೆ, ಬೆಳಗಾವಿ ಮತ್ತು ಗೋವಾ ಇನ್ನೂ ಹತ್ತಿರ ಎಂಬುದನ್ನು ಮರೆಯುತ್ತಾರೆ. ಗೋವಾದ ಯೂತ್ ಫುಟ್‌ಬಾಲ್ ಗಟ್ಟಿಯಾದದ್ದು. ಅಲ್ಲಿನ ತಂಡದೊಂದಿಗೆ ಒಂದು ಅಭ್ಯಾಸ ಪಂದ್ಯ ಆಡಿಸಿದರೂ ಹುಡುಗನ ಮಟ್ಟ ತಿಳಿಯುತ್ತದೆ.

ಸಹಿ ಹಾಕುವ ಮೊದಲು ಇವು ನೆನಪಿರಲಿ. ಸಿಆರ್‌ಎಸ್‌ನಲ್ಲಿ ಒಂದು ಕ್ಲಬ್‌ಗೆ ನೋಂದಣಿಯಾದರೆ ಬಿಡುಗಡೆ ಇಲ್ಲದೆ ಮತ್ತೊಂದಕ್ಕೆ ಆಡುವಂತಿಲ್ಲ. ಅಕಾಡೆಮಿಯ ಪ್ರವೇಶ ಅರ್ಜಿಯೊಳಗೇ ಆ ಒಪ್ಪಿಗೆ ಸೇರಿಸಿರುತ್ತಾರೆ, ಪೂರ್ತಿ ಓದಿ. ಹೋಗುವಾಗ "ತರಬೇತಿ ಪರಿಹಾರ ಕೊಟ್ಟರೆ ಬಿಡುತ್ತೇವೆ" ಎಂದು ತಂದೆ-ತಾಯಿಯ ಹತ್ತಿರ ಹಣ ಕೇಳುವವರಿದ್ದಾರೆ. ಫಿಫಾ ನಿಯಮದ ತರಬೇತಿ ಪರಿಹಾರವನ್ನು ಹೊಸ ಕ್ಲಬ್ ಹಳೆಯ ಕ್ಲಬ್‌ಗೆ ಕೊಡಬೇಕು, ಮನೆಯವರಲ್ಲ. 18ರೊಳಗಿನವರ ವೃತ್ತಿಪರ ಕರಾರು ಮೂರು ವರ್ಷ ಮೀರುವಂತಿಲ್ಲ. ಏಜೆಂಟ್ ಎಂದು ಬಂದವರ ಫಿಫಾ ಲೈಸೆನ್ಸ್ ಇದೆಯೇ ನೋಡಿ. "ಯುರೋಪಿನ ಕ್ಲಬ್ ಟ್ರಯಲ್" ಎಂದು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ: 18 ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಯನ್ನು ಫಿಫಾ ಕೆಲವೇ ವಿನಾಯಿತಿ ಬಿಟ್ಟು ನಿಷೇಧಿಸಿದೆ.

ವೃತ್ತಿಪರ ಕ್ಲಬ್ ಸಿಕ್ಕರೂ ನಿಶ್ಚಿಂತೆ ಇಲ್ಲ. 2025ರ ಜುಲೈನಲ್ಲಿ ವಾಣಿಜ್ಯ ಹಕ್ಕಿನ ಒಪ್ಪಂದದ ಗೊಂದಲದಿಂದ ಐಎಸ್‌ಎಲ್ ಋತುವನ್ನೇ ತಡೆಹಿಡಿದರು. ಆದ್ದರಿಂದ ಪಿಯುಸಿ, ಪದವಿ ಬಿಡಿಸಬೇಡಿ. ಕರ್ನಾಟಕ ವಿಶ್ವವಿದ್ಯಾಲಯದ ತಂಡದಿಂದ ಅಂತರ ವಿ.ವಿ. ಪಂದ್ಯಾವಳಿ, ಅಲ್ಲಿಂದ ಸೇನೆ, ರೈಲ್ವೆಯ ಕ್ರೀಡಾ ಕೋಟಾ ನೌಕರಿ, ಇವೂ ಗೌರವದ ದಾರಿಗಳೇ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ನಿಮ್ಮೂರಲ್ಲೇ ಇದೆ. ಕ್ರೀಡಾ ಕೋಟಾ ಪ್ರಕಟಣೆ ಬಂದಾಗ ಆ ವರ್ಷ ಫುಟ್‌ಬಾಲ್ ಇದೆಯೇ ನೋಡುತ್ತಿರಿ.

ಧಾರವಾಡ, ಕೋಚ್ (ಮತ್ತೆ)

ಬಾಕ್ಸಿನೊಳಗಿನ ಕೆಲಸ. ವಾರಕ್ಕ ಎರಡು ದಿನ, ತಲಾ 40 ನಿಮಿಷ, ಟೀಮ್ ಪ್ರಾಕ್ಟೀಸ್ ಬಿಟ್ಟು.

ಚೆಂಡನ್ನ ಎದುರಿಂದ ಉರುಳಿಸಿ ಹೊಡೆಸೋದು ಬಿಡ್ರಿ. ಮ್ಯಾಚಿನಾಗ ಹಂಗ ಬರೋದ ಇಲ್ಲ. ಪಕ್ಕದಿಂದ ಹಾಕ್ರಿ. ಡಿಫೆಂಡರ್ ಜಾಗಕ್ಕ ಒಬ್ಬ ಗೆಳ್ಯಾನ್ನ ನಿಲ್ಲಸ್ರಿ. ಹುಡುಗ ಅವನ ಬೆನ್ನ ಹಿಂದ ನಿಲ್ಲಬೇಕು, ಅಂದ್ರ ಡಿಫೆಂಡರ್‌ಗೆ ಚೆಂಡು ನೋಡಿದ್ರ ಹುಡುಗ ಕಾಣಬಾರದು, ಹುಡುಗನ್ನ ನೋಡಿದ್ರ ಚೆಂಡು ಕಾಣಬಾರದು. ಎರಡು ಹೆಜ್ಜೆ ದೂರದ ಪೋಸ್ಟ್ ಕಡೆ ಹಾಕಿ, ತಟ್ಟನೆ ತಿರುಗಿ ಹತ್ತಿರದ ಪೋಸ್ಟಿಗೆ. ಯಾವಾಗ? ಕ್ರಾಸ್ (ಪಕ್ಕದಿಂದ ಚೆಂಡು) ಹಾಕೋನು ಕೊನೇ ಟಚ್ ಮಾಡಿ ತಲಿ ಬಗ್ಗಿಸಿದಾಗ. ಅದಕ್ಕಿಂತ ಮೊದಲು ಓಡಿದ್ರ ನಿಂತು ಕಾಯಬೇಕಾಗ್ತದ, ಡಿಫೆಂಡರ್ ಬಂದು ಹಿಡೀತಾನ. ಇದು 14-15 ವರ್ಷದ ಸ್ಟ್ರೈಕರ್‌ಗಳ ದೊಡ್ಡ ತಪ್ಪು: ಜೋರ ಓಡೋ ಹುಡುಗರು ಭಾಳ ಲಗೂನ ಓಡಿಬಿಡ್ತಾರ. ಎರಡನೇ ಓಟ, ಎಲ್ಲಾರೂ ಗೋಲಿನ ಕಡೆ ನುಗ್ಗಿದಾಗ ತಾನು ಪೆನಾಲ್ಟಿ ಗುರುತಿನ (11 ಮೀಟರ್) ಹತ್ರ ನಿಂತು ಹಿಂದಕ್ಕ ಬರೋ ಚೆಂಡಿಗೆ ಕಾಯೋದು.

ಒಂದು ದಿನಕ್ಕ 40 ಹೊಡೆತ ಸಾಕು: 15 ಬಲಗಾಲು, 15 ಎಡಗಾಲು, 10 ಹೆಡ್ಡರ್ ಇಲ್ಲಾ ಗಾಳಿಯ ಚೆಂಡು. ಮೂರರಾಗ ಎರಡು ಒಂದ ಟಚ್ಚಿನಾಗ ಹೋಗಬೇಕು. ನಡುವ ಅರ್ಧ ನಿಮಿಷ ಉಸಿರು. ಚೆಂಡು ಬಾರ್ ಮ್ಯಾಲೆ ಹಾರ್ತಿದ್ರ ಊರೋ ಕಾಲು ನೋಡ್ರಿ, ಅದು ಚೆಂಡಿನ ಹಿಂದ ಉಳದಿರ್ತದ, ಮೈ ಹಿಂದ ವಾಲಿರ್ತದ. ಊರೋ ಕಾಲು ಚೆಂಡಿನ ಪಕ್ಕಕ್ಕ ಬಂದ್ರ ಹೊಡೆತ ತಾನ ಕೆಳಗಿಳೀತದ. ದೂರದ ಪೋಸ್ಟಿಗೆ ನೆಲಮಟ್ಟದ ಹೊಡೆತ ರೂಢಿ ಮಾಡಸ್ರಿ. ಗೋಲ್‌ಕೀಪರ್ ತಡದ್ರೂ ಚೆಂಡು ಬಾಕ್ಸಿನೊಳಗ ಬೀಳ್ತದ.

ಒಂದು ನೋಟ್‌ಬುಕ್ ಇಡಸ್ರಿ. ಗೋಲ್ ಎಣಿಸಬ್ಯಾಡ್ರಿ, ಬಾಕ್ಸಿನೊಳಗಿಂದ ಹೊಡೆದ ಹೊಡೆತ ಎಣಸ್ರಿ. ವೃತ್ತಿಪರ ಆಟದಾಗೂ ಪೆನಾಲ್ಟಿ ಬಿಟ್ರ ಹತ್ತು ಹೊಡೆತಕ್ಕ ಸುಮಾರು ಒಂದು ಗೋಲು. ಮ್ಯಾಚಿಗೆ ಮೂರು-ನಾಲ್ಕು ಸಲ ಬಾಕ್ಸಿನೊಳಗಿಂದ ಹೊಡದ್ರ ಗೋಲ್ ಬಂದ ಬರ್ತಾವು. ಜಿಲ್ಲಾ ಮ್ಯಾಚಿನಾಗ ಇವ ಎಷ್ಟು ಸಲ ಹೊಡದಾ ಕೇಳಿ ನೋಡ್ರಿ.

ಹುಬ್ಬಳ್ಳಿ, ಕ್ರೀಡಾ ಫಿಸಿಯೋಥೆರಪಿಸ್ಟ್

ನಮ್ಮ ಎರೆಮಣ್ಣಿನ ಅಂಗಳ ಬೇಸಿಗೆಯಲ್ಲಿ ಸಿಮೆಂಟಿನಷ್ಟು ಗಟ್ಟಿ. ಅದರ ಮೇಲೆ ಹುಲ್ಲಿನಂಗಳದ ಉದ್ದ ಸ್ಟಡ್ ಬೂಟು ಹಾಕಿದರೆ ಹಿಮ್ಮಡಿ, ಮೊಣಕಾಲು ಎರಡೂ ನೋಯುತ್ತವೆ. ಸಣ್ಣ ರಬ್ಬರ್ ಗುಬುಟುಗಳಿರುವ ಟರ್ಫ್ ಶೂ ಕೊಡಿಸಿ. ಮಳೆಯಲ್ಲಿ ಹುಲ್ಲಿನಂಗಳಕ್ಕೆ ಮಾತ್ರ ಸ್ಟಡ್.

ಈ ವಯಸ್ಸು ಬೇಗ ಎತ್ತರವಾಗುವ ಕಾಲ. ತಿಂಗಳಿಗೊಮ್ಮೆ ಬೆಳಿಗ್ಗೆ ಎತ್ತರ ಅಳೆಯಿರಿ. ತಿಂಗಳಿಗೆ ಅರ್ಧ ಸೆಂ.ಮೀ. ಮೀರಿ ಬೆಳೆಯುತ್ತಿದ್ದರೆ ಜಿಗಿತ, ಬಿರುಸಿನ ಹೊಡೆತ ಕಡಿಮೆ ಮಾಡಿ. ಆಗ ಓಟ ಒಡ್ಡೊಡ್ಡಾಗಿ ಕಾಣುತ್ತದೆ, ಆಟ ಕೆಟ್ಟಿತೆಂದು ಬೈಯಬೇಡಿ. ಮೊಣಕಾಲ ಚಿಪ್ಪಿನ ಕೆಳಗಿನ ಗುಬ್ಬು ಒತ್ತಿದರೆ ನೋವಾದರೆ ಹೊರೆ ಇಳಿಸಿ. ಕುಂಟುತ್ತಿದ್ದರೆ ಆಟ ನಿಲ್ಲಿಸಿ ತೋರಿಸಿ. ವಾರದ ಒಟ್ಟು ತರಬೇತಿ ಗಂಟೆಗಳು ಅವನ ವಯಸ್ಸಿನ ಸಂಖ್ಯೆ ದಾಟಬಾರದು, ಒಂದು ದಿನ ಪೂರ್ತಿ ವಿಶ್ರಾಂತಿ. ಫಿಫಾ 11+ ಎಂಬ 20 ನಿಮಿಷದ ವಾರ್ಮ್‌ಅಪ್ ವಾರಕ್ಕೆ ಕನಿಷ್ಠ ಎರಡು ಸಲ ಮಾಡಿಸಿದರೆ ಗಾಯ ನಿಜಕ್ಕೂ ಕಡಿಮೆಯಾಗುತ್ತದೆ.

ಊಟಕ್ಕೆ ರೊಟ್ಟಿ, ಕಾಳುಪಲ್ಯ, ಮೊಸರು, ಮೊಟ್ಟೆ, ಶೇಂಗಾ ಸಾಕು. ಜಿಮ್‌ನವರು ಕೊಡುವ ಪುಡಿ ಬೇಡ. ಅದರಲ್ಲಿ ನಿಷೇಧಿತ ವಸ್ತು ಬೆರೆತಿದ್ದರೆ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಹುಡುಗ.

ಕೇಳಿದವರು

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಹುಡುಗನ್ನ ಕೇಳಿದೆ, ಜಿಲ್ಲಾದಾಗ ಎರಡು ಮ್ಯಾಚಿಗೆ ಸೇರಿ ಬಾಕ್ಸಿನೊಳಗಿಂದ ಒಂದ ಸಲ ಹೊಡದಾನಂತ. ಇನ್ನೊಂದು: ಇವತ್ತ ಜನನ ಪ್ರಮಾಣಪತ್ರ ತೆಗೆದು ನೋಡಿದ್ವಿ, ಅದರಾಗ ಹೆಸರ ಇಲ್ಲ, "ಗಂಡು ಮಗು" ಅಂತ ಅಷ್ಟ ಐತಿ!

ಹಾವೇರಿ, ದೈಹಿಕ ಶಿಕ್ಷಣ ಶಿಕ್ಷಕರು

ನಾಳೆಯೇ ಹೋಗಿ. ನೋಂದಣಿಯಾದ ದಿನದಿಂದ 15 ವರ್ಷದೊಳಗೆ ಹೆಸರು ಸೇರಿಸಲು ಅವಕಾಶವಿದೆ, ತಡವಾದದ್ದಕ್ಕೆ ಸಣ್ಣ ಶುಲ್ಕ. ಹುಬ್ಬಳ್ಳಿಯಲ್ಲೇ ಹುಟ್ಟಿದ್ದರೆ ಮಹಾನಗರ ಪಾಲಿಕೆಯ ಜನನ-ಮರಣ ವಿಭಾಗ. ಬೇರೆ ಊರಲ್ಲಿ ಹುಟ್ಟಿದ್ದರೆ ಅಲ್ಲಿನ ನೋಂದಣಿ ಅಧಿಕಾರಿ. ಹಳೆಯ ಪ್ರಮಾಣಪತ್ರ, ತಂದೆ-ತಾಯಿ ಇಬ್ಬರ ಆಧಾರ್, ಶಾಲೆಯ ದಾಖಲಾತಿ ಪ್ರತಿ ಒಯ್ಯಿರಿ. ಹೆಸರನ್ನು ಶಾಲೆಯಲ್ಲಿರುವ ಕಾಗುಣಿತದಲ್ಲೇ ಬರೆಸಿ, ಇಂಗ್ಲಿಷ್ ಅಕ್ಷರಗಳನ್ನೂ ಒಂದೊಂದಾಗಿ ನೋಡಿ. ಅದು ಕೈಗೆ ಬಂದ ಮೇಲೆ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಕಿರಿಯರ ಭಾರತ ತಂಡದ ಶಿಬಿರಕ್ಕೆ ಕರೆ ಬಂದರೆ ಪಾಸ್‌ಪೋರ್ಟ್ ಬೇಕೇ ಬೇಕು, ಆಗ ಮಾಡಿಸಲು ಸಮಯ ಸಿಗುವುದಿಲ್ಲ. ಮಾರ್ಚ್ ದಾಟಲು ಬಿಡಬೇಡಿ.