ಯುವಿ (ಅತಿನೇರಳೆ) ಫೋಟೋಗೆ ಫ್ಲ್ಯಾಶ್ ಮೇಲೂ ಫಿಲ್ಟರ್ ಬೇಕಾ?

ಪ್ರಶ್ನೆ: ಫುಲ್ ಸ್ಪೆಕ್ಟ್ರಮ್ ಮಾಡಿಸಿದ (ಯುವಿ, ಇನ್‌ಫ್ರಾರೆಡ್ ಕೂಡ ಹಿಡಿಯುವ) ಕ್ಯಾಮೆರಾ ಇದೆ, ಲೆನ್ಸ್ ಮೇಲೆ ಯುವಿ ಮಾತ್ರ ಬಿಡುವ ಬಾಡರ್ ಯು ಫಿಲ್ಟರ್ ಇದೆ. ಸೂರ್ಯಕಾಂತಿ ದಳಗಳ ಬುಡ ಯುವಿಯಲ್ಲಿ ಕಪ್ಪಾಗಿ ಕಾಣುತ್ತದಲ್ಲ, ಅದನ್ನು ತೆಗೆಯಬೇಕು. ಫ್ಲ್ಯಾಶ್‌ಗೂ ಫಿಲ್ಟರ್ ಹಾಕಬೇಕಾ?

ಉತ್ತರ 1: ಬೇಡ. ಬೇಡದ ಬೆಳಕನ್ನು ಲೆನ್ಸ್ ಫಿಲ್ಟರೇ ತಡೆಯುತ್ತದೆ. ಫ್ಲ್ಯಾಶ್‌ಗೂ ಹಾಕಿದರೆ ಸುಮ್ನೆ ಯುವಿ ಕಡಿಮೆಯಾಗುತ್ತದೆ. ಆದರೆ ಎಷ್ಟೋ ಫ್ಲ್ಯಾಶ್‌ಗಳ ಟ್ಯೂಬ್ ಲೇಪನ, ಮುಂದಿನ ಪ್ಲಾಸ್ಟಿಕ್ ಎರಡೂ ಯುವಿ ತಡೆಯುತ್ತವೆ, ಲೇಪನವಿಲ್ಲದ ಜೆನಾನ್ ಟ್ಯೂಬ್ ಇರುವುದನ್ನೇ ಹುಡುಕಿ. ನೀವೇ ಬಿಚ್ಚಬೇಡಿ, ಒಳಗಿನ ಕೆಪಾಸಿಟರ್ ಜೋರಾಗಿ ಶಾಕ್ ಹೊಡೆಯುತ್ತದೆ.

ಉತ್ತರ 2: ಫ್ಲೋರೆಸೆನ್ಸ್, ಅಂದರೆ ಯುವಿ ಬಿದ್ದಾಗ ವಸ್ತುವೇ ಹೊರಸೂಸುವ ಕಣ್ಣಿಗೆ ಕಾಣುವ ಬೆಳಕು, ತೆಗೆಯುವುದಾದರೆ ಲೆಕ್ಕ ಉಲ್ಟಾ. ಆಗ ಫ್ಲ್ಯಾಶ್ ಮೇಲೆ ಯುವಿ ಮಾತ್ರ ಬಿಡುವ ಫಿಲ್ಟರ್, ಲೆನ್ಸ್ ಮೇಲೆ ಯುವಿ ತಡೆಯುವ ಫಿಲ್ಟರ್. ಫ್ಲ್ಯಾಶ್ ಮೇಲೆ ಯುವಿ ಬಿಡುವ ಹೋಯಾ ಯು-340 ಫಿಲ್ಟರ್ ಒಂದೇ ಇದ್ದರೆ ಇನ್‌ಫ್ರಾರೆಡ್ ಸೋರುತ್ತದೆ, ನಿಮ್ಮ ಕ್ಯಾಮೆರಾ ಅದನ್ನೂ ಹಿಡಿಯುತ್ತದೆ, ಹಾಗಾಗಿ ಜೊತೆಗೆ ಇನ್‌ಫ್ರಾರೆಡ್ ತಡೆಯುವ ಎಸ್8612 ಫಿಲ್ಟರ್ ಸೇರಿಸಿ. ಎರಡೂ ವಿಧಾನದಲ್ಲಿ ಯುವಿ ತಡೆಯುವ ಕನ್ನಡಕ ಹಾಕಿಕೊಳ್ಳಿ, ದಯವಿಟ್ಟು.